ಪರದೇಶಕ್ಕೆ ಬಂದಿಳಿದ ಮಿಷನರಿಯ ಮೊದಲ ದಿನ: ನನ್ನ ನಾಟಕದ ಮೊದಲ ದೃಶ್ಯಕ್ಕೆ ಸಹಾಯ ಬೇಕು

ನಾಟಕದ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಗಾಗಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಘದವರ ಕುರಿತು ಅರ್ಧ ಗಂಟೆಯ ನಾಟಕವೊಂದನ್ನು ಬರೆಯುತ್ತಿದ್ದೇನೆ. ಮೊದಲ ದೃಶ್ಯ ಹೀಗಿದೆ: ಇಪ್ಪತ್ತರ ಹರೆಯದ ಜರ್ಮನ್ ಯುವಕನೊಬ್ಬ ಕಪ್ಪು ಕೋಟು ತೊಟ್ಟು, ಕೈಯಲ್ಲಿ ಬೈಬಲ್ ಹಿಡಿದು, ಮಂಗಳೂರಿನ ಬಂದರಿನಲ್ಲಿ ಹಡಗಿನಿಂದ ಇಳಿಯುತ್ತಾನೆ, ಜನ ಸುತ್ತುಗಟ್ಟುತ್ತಾರೆ, ಆತ ಅವರನ್ನು ಉದ್ದೇಶಿಸಿ ನಾಲ್ಕು ಮಾತನಾಡುತ್ತಾನೆ. ಮೊದಲ ಓದಿನಲ್ಲಿಯೇ ಹಿಂದಿನ ಬೆಂಚಿನ ಹುಡುಗನೊಬ್ಬ, "ಈಗಷ್ಟೇ ಇಳಿದವನಿಗೆ ಇಷ್ಟು ಚೆಂದದ ಕನ್ನಡ ಹೇಗೆ ಬಂತು ಸರ್?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ, ಆದರೆ ರಾತ್ರಿ ನಿದ್ದೆ ಬರಲಿಲ್ಲ. ಆ ಮೊದಲ ದಿನ ನಿಜವಾಗಿ ಹೇಗಿದ್ದಿರಬಹುದು? ಯಾರು ಎದುರುಗೊಂಡರು, ಯಾವ ಭಾಷೆ ಕಿವಿಗೆ ಬಿತ್ತು, ಏನು ತಿಂದರು? ತಿಳಿದವರು ದಯವಿಟ್ಟು ತಿದ್ದಿ.

ಬಲ್ಮಠದವಳು
ಮೇಷ್ಟ್ರೇ, ಆ ಹುಡುಗನಿಗೆ ಹತ್ತು ಅಂಕ ಹೆಚ್ಚು ಕೊಡಿ. ಮೊದಲಿಗೆ ನಿಮ್ಮ ಯುವಕನನ್ನು ಮೂವರನ್ನಾಗಿ ಮಾಡಬೇಕು. ಬಾಸೆಲ್ ಮಿಷನ್ನಿನಿಂದ ಮೊದಲು ಬಂದವರು ಸ್ಯಾಮ್ಯುವೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು. ಎರಡನೆಯದಾಗಿ, ಅವರ ಹಡಗು ಬಂದು ಮುಟ್ಟಿದ್ದು ಮಂಗಳೂರನ್ನಲ್ಲ, ಕಲ್ಲಿಕೋಟೆಯನ್ನು. ಅದು 1834ರ ಅಕ್ಟೋಬರ್ 14. ಮಂಗಳೂರನ್ನು ತಲುಪಿದ್ದು ಅಕ್ಟೋಬರ್ 30ರಂದು. ಅಂದರೆ ಭಾರತದಲ್ಲಿ ಅವರ ಮೊದಲ ದಿನವೇ ಬೇರೆ, ಮಂಗಳೂರಿನ ಮೊದಲ ದಿನವೇ ಬೇರೆ. ನಡುವೆ ಹದಿನಾರು ದಿನಗಳಿವೆ. ಮೂರನೆಯದು ವಯಸ್ಸು. ಹೆಬಿಕ್ ಹುಟ್ಟಿದ್ದು 1803ರಲ್ಲಿ, ಆದ್ದರಿಂದ ಬರುವಾಗ ಅವರಿಗೆ ಮೂವತ್ತೊಂದು. ಮಿಷನ್ ಸೇರುವ ಮುನ್ನ ವ್ಯಾಪಾರಸ್ಥರ ಬಳಿ ದುಡಿದು ಫಿನ್ಲೆಂಡಿನವರೆಗೆ ಓಡಾಡಿದ್ದ ಅನುಭವಸ್ಥ. ಕಣ್ಣರಳಿಸಿ ನಿಲ್ಲುವ ಎಳೆಯ ಹುಡುಗನೇನಲ್ಲ.

1834ರಲ್ಲಿಯೇ ಏಕೆ ಬಂದರು ಎಂಬುದಕ್ಕೂ ಒಂದು ಮಾತು ಬರೆಯಿರಿ. ಈಸ್ಟ್ ಇಂಡಿಯಾ ಕಂಪನಿಯ ಸನ್ನದನ್ನು ನವೀಕರಿಸಿದ 1833ರ ಕಾಯ್ದೆಯ ಅನಂತರವೇ ಬ್ರಿಟಿಷರಲ್ಲದ ಮಿಷನರಿಗಳಿಗೆ ಕಂಪನಿಯ ಸೀಮೆಯಲ್ಲಿ ಬಾಗಿಲು ತೆರೆಯಿತು. ಕಾಯ್ದೆಯಾದ ಮರುವರ್ಷವೇ ಇವರು ಹಡಗು ಹತ್ತಿದ್ದರು.

ಓಲೆಗರಿ
ನಿಮಗೆ ಎಳೆಯ ಹುಡುಗನೇ ಬೇಕೆಂದಿದ್ದರೆ ಕಿಟೆಲ್ ಇದ್ದಾರಲ್ಲ. 1832ರ ಏಪ್ರಿಲಿನಲ್ಲಿ ಹುಟ್ಟಿ 1853ರಲ್ಲಿ ಮಂಗಳೂರಿಗೆ ಬಂದವರು. ಆಗ ಇಪ್ಪತ್ತೊಂದೇ ವರ್ಷ. ಕನ್ನಡ ನಿಘಂಟನ್ನೇ ಕೊಟ್ಟ ಮನುಷ್ಯ ಮೊದಲ ದಿನ ಒಂದೂ ಕನ್ನಡ ಶಬ್ದ ತಿಳಿಯದೆ ನಿಂತಿದ್ದ ಎಂದರೆ ಅದಕ್ಕಿಂತ ಒಳ್ಳೆಯ ದೃಶ್ಯ ಯಾವುದಿದೆ? ಆ ಕಾಲಕ್ಕೆ ಕನ್ನಡಕ್ಕೆ ನಿಘಂಟೇ ಇರಲಿಲ್ಲ, ಪಾಪ.

ಬಳ್ಳಾರಿ ಬಿಸಿಲು
ನಿಘಂಟೇ ಇರಲಿಲ್ಲ ಎನ್ನಬೇಡಿ, ನಮ್ಮ ಊರಿನವರ ಶ್ರಮಕ್ಕೆ ನೀರು ಬಿಟ್ಟಂತಾಗುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೆಲಸ ಆರಂಭಿಸಿದ್ದು 1810ರಲ್ಲಿ. ಅದೇ ಮಿಷನ್ನಿನ ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾದವು. ಅದಕ್ಕೂ ಮೊದಲು, 1817ರಲ್ಲಿ, ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಸೇರಾಂಪುರದಲ್ಲಿ ಹೊರಬಂದಿತ್ತು. ಹೆಬಿಕ್ ಬರುವ ಹೊತ್ತಿಗೆ ಇವೆಲ್ಲ ಇದ್ದವು. ಕಿಟೆಲ್ಲರ ಕೃತಿ ಬೇರೆಯೇ ತೂಕದ್ದು ಎಂಬುದನ್ನು ಒಪ್ಪುತ್ತೇನೆ. ಆದರೆ ಮುಂದಿನವನನ್ನು ಹೊಗಳಲು ಹಿಂದಿನವರನ್ನು ಅಳಿಸಬೇಕಾಗಿಲ್ಲ.

ಓಲೆಗರಿ
ತಪ್ಪಾಯಿತು, ಒಪ್ಪಿದೆ. ಆದರೂ ಲೆಕ್ಕ ಹಾಕಿ ನೋಡಿ: ಬಂದಿಳಿದದ್ದು 1853, ನಿಘಂಟು ಹೊರಬಂದದ್ದು 1894. ಮೊದಲ ದಿನಕ್ಕೂ ಆ ಪುಸ್ತಕಕ್ಕೂ ನಡುವೆ ನಲವತ್ತೊಂದು ವರ್ಷ.

ಬಲ್ಮಠದವಳು
ಭಾಷೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ ಹೇಳುತ್ತೇನೆ. ಹೆಬಿಕ್ ಕೊನೆಯವರೆಗೂ ಹೆಚ್ಚಾಗಿ ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಉಪದೇಶ ಮಾಡಿದವರು. ಮಾತಿನ ಅಬ್ಬರ ಅವರದು, ಭಾಷೆ ಇನ್ನೊಬ್ಬರದು. ಆದ್ದರಿಂದ ನಿಮ್ಮ ನಾಟಕದಲ್ಲಿ ಅವರ ಬಾಯಿಂದ ಕನ್ನಡದ ಭಾಷಣ ಮಾಡಿಸಿದರೆ ಮೊದಲ ದಿನಕ್ಕೆ ಮಾತ್ರವಲ್ಲ, ಇಪ್ಪತ್ತೈದನೆಯ ವರ್ಷಕ್ಕೂ ಅದು ತಪ್ಪೇ.

ಅಲ್ಲದೆ ಆ ದಿನ ಅವರ ಕಿವಿಗೆ ಬಿದ್ದದ್ದು ಬರಿಯ ಕನ್ನಡವಾಗಿರಲು ಸಾಧ್ಯವಿಲ್ಲ. ಕಚೇರಿಯ ಕಾಗದಗಳಲ್ಲಿ ಕನ್ನಡ, ಪೇಟೆಯಲ್ಲಿ ಕೊಂಕಣಿ, ಗದ್ದೆಯಲ್ಲೂ ಮನೆಯಲ್ಲೂ ತುಳು, ಬಂದರಿನ ಕಡೆ ಬ್ಯಾರಿಗಳ ಮಾತು, ಸಾಹೇಬರ ಬಂಗಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದೂಸ್ತಾನಿ. ಮೂವರೂ ತಮ್ಮೊಳಗೆ ಜರ್ಮನ್ ಮಾತನಾಡುತ್ತಿದ್ದರೆಂದು ಬೇರೆ ಹೇಳಬೇಕಿಲ್ಲ. ಮುಂದೆ ಗ್ರೈನರ್ ತುಳುವನ್ನೇ ಹಿಡಿದರು. ತುಳುವಿನಲ್ಲಿ ಮತ್ತಾಯನ ಸುವಾರ್ತೆ 1842ರಲ್ಲಿ ಅಚ್ಚಾಯಿತು. ಒಂದು ಭಾಷೆ ಕಲಿಯಲೆಂದು ಬಂದವನಿಗೆ ಇಷ್ಟೊಂದು ಭಾಷೆಗಳ ಸಂತೆ ಎದುರಾದಾಗ ಮುಖ ಹೇಗಾಗಿರಬೇಡ!

ತೆಂಕಣ ಗಾಳಿ
ನಮ್ಮ ಅಜ್ಜ, ಮುತ್ತಜ್ಜ ಎಲ್ಲರೂ ಕಡಲಿಗೆ ಇಳಿದವರು, ಆದ್ದರಿಂದ ನನ್ನ ತಕರಾರು ಬೇರೆಯೇ ಇದೆ. "ಮಂಗಳೂರಿನ ಬಂದರಿನಲ್ಲಿ ಹಡಗಿನಿಂದ ಇಳಿಯುತ್ತಾನೆ" ಎಂದು ಬರೆದಿದ್ದೀರಿ. ಮೇಷ್ಟ್ರೇ, ದೊಡ್ಡ ಹಡಗಿನಿಂದ ನೇರವಾಗಿ ಯಾರೂ ಮಂಗಳೂರಿನ ನೆಲಕ್ಕೆ ಇಳಿಯುತ್ತಿರಲಿಲ್ಲ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ಮರಳಿನ ದಿಬ್ಬವಿತ್ತು. ಆಳ ಬೇಕಾದ ಹಡಗುಗಳು ಹೊರಗಿನ ಕಡಲಿನಲ್ಲಿಯೇ ಲಂಗರು ಹಾಕಬೇಕು. ಅಲ್ಲಿಂದ ಜನರನ್ನೂ ಸರಕನ್ನೂ ದೋಣಿಗಳಲ್ಲಿ ಒಳಗೆ ತರಬೇಕು. ಮಳೆಗಾಲದಲ್ಲಂತೂ ಕಡಲು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅಕ್ಟೋಬರಿನ ಕೊನೆ ಎಂದರೆ ಮಂಜಿ, ಪತ್ತೇಮಾರಿ ಎಂಬ ಹಾಯಿಹಡಗುಗಳು ಮತ್ತೆ ಓಡಾಡತೊಡಗಿದ ಕಾಲ.

ಬೇಡ, ಅವರು ಕಲ್ಲಿಕೋಟೆಯಿಂದ ನೆಲದ ದಾರಿಯಲ್ಲಿಯೇ ಬಂದರೆಂದು ನೀವು ದೃಶ್ಯ ಕಟ್ಟುತ್ತೀರಿ ಎಂದಿಟ್ಟುಕೊಳ್ಳೋಣ. ಆಗಲೂ ಉಳ್ಳಾಲದ ಕಡೆಯಿಂದ ನೇತ್ರಾವತಿಯನ್ನು ದಾಟದೆ ಮಂಗಳೂರಿಲ್ಲ. ಆ ಕಾಲದಲ್ಲಿ ಅಲ್ಲಿ ಸೇತುವೆ ಎಲ್ಲಿತ್ತು? ಕಡಲಿನಿಂದ ಬಂದರೂ ದೋಣಿ, ನೆಲದಿಂದ ಬಂದರೂ ದೋಣಿ. ಮಂಗಳೂರಿನಲ್ಲಿ ಅವರನ್ನು ಮೊದಲು ಮುಟ್ಟಿ ಕೈಹಿಡಿದು ಇಳಿಸಿದವನು ದೋಣಿಯವನೇ. ನಿಮ್ಮ ನಾಟಕದಲ್ಲಿ ಅವನ ಸುಳಿವೇ ಇಲ್ಲ; "ಜನ ಸುತ್ತುಗಟ್ಟುತ್ತಾರೆ" ಎಂಬ ಎರಡು ಪದಗಳಲ್ಲಿ ಅವನನ್ನು ಮುಗಿಸಿದ್ದೀರಿ.

ನಾಟಕದ ಮೇಷ್ಟ್ರು
ಈ ಕೊನೆಯ ಮಾತು ಚುಚ್ಚಿತು, ಆದರೆ ಸರಿಯಾದ ಜಾಗದಲ್ಲಿ ಚುಚ್ಚಿತು. ದೋಣಿಯವನನ್ನು ತರುತ್ತೇನೆ.

ಖರೇ ಮಾತು
ಕ್ಷಮಿಸಿ, ನನಗೆ ಈ ಚರ್ಚೆಯ ಧಾಟಿಯೇ ಹಿಡಿಸುತ್ತಿಲ್ಲ. ಮತಾಂತರ ಮಾಡುವುದೇ ಅವರ ಉದ್ದೇಶವಾಗಿತ್ತು. ಅದನ್ನು ಬದಿಗಿಟ್ಟು ಅವರ ಮೊದಲ ದಿನದ ಅಂಜಿಕೆ, ಬೆರಗು ಎಂದು ಕರಗುವುದು ಎಷ್ಟು ಸರಿ? ಬಂದವರ ಕಣ್ಣಿನಿಂದಲೇ ಎಲ್ಲವನ್ನೂ ನೋಡುವ ಚಾಳಿ ನಮಗೆ ಯಾವಾಗ ಬಿಟ್ಟೀತು?

ಬಲ್ಮಠದವಳು
ಉದ್ದೇಶವನ್ನು ಯಾರೂ ಬಚ್ಚಿಟ್ಟಿಲ್ಲ, ಅವರೂ ಬಚ್ಚಿಟ್ಟವರಲ್ಲ. ಆದರೆ ನಿಮ್ಮ ಎರಡನೆಯ ಪ್ರಶ್ನೆ ನಾಟಕಕ್ಕೆ ಬೇಕಾದದ್ದೇ ಆಗಿದೆ: ದಡದಲ್ಲಿ ನಿಂತವರು ಏನನ್ನು ಕಂಡರು? ನನ್ನ ಉತ್ತರವಿಷ್ಟೇ, ಅವರಿಗೆ ಇದು ಅಂಥ ವಿಸ್ಮಯವೇನೂ ಆಗಿರಲಾರದು. 1799ರಿಂದ ಕೆನರಾ ಎಂಬ ಈ ಕರಾವಳಿ ಸೀಮೆ ಕಂಪನಿಯ ಕೈಯಲ್ಲಿತ್ತು, ಬಿಳಿಯ ಸಾಹೇಬ ದಿನನಿತ್ಯದ ನೋಟವಾಗಿದ್ದ. ಪಾದ್ರಿಯೂ ಹೊಸಬನಲ್ಲ, ಪೋರ್ಚುಗೀಸರ ಕಾಲದಿಂದಲೂ ಇಲ್ಲಿ ಇಗರ್ಜಿಗಳಿದ್ದವು. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದನ್ನು, 1799ರ ಮೇಲೆ ಉಳಿದವರು ಮರಳಿದ್ದನ್ನು ಕಂಡ ಮುದುಕರು 1834ರಲ್ಲಿ ಇನ್ನೂ ಬದುಕಿದ್ದರು. ಆದ್ದರಿಂದ ಜನ ಬೆರಗಾಗಿ ಸುತ್ತುಗಟ್ಟಿದರು ಎನ್ನುವುದಕ್ಕಿಂತ, "ಇವರು ಯಾವ ಪಾದ್ರಿಗಳಪ್ಪಾ, ನಮ್ಮ ಪಾದ್ರಿಗಳಂತಿಲ್ಲವಲ್ಲ" ಎಂದು ಕ್ರೈಸ್ತರೇ ಹುಬ್ಬು ಗಂಟಿಕ್ಕಿದರು ಎಂದರೆ ಹೆಚ್ಚು ನಂಬುವಂತಿದೆ.

ಖರೇ ಮಾತು
ಈ ಉತ್ತರ ಒಪ್ಪುವಂತಿದೆ. ಹಾಗಿದ್ದರೆ ಸುತ್ತುಗಟ್ಟುವ ಆ ಗುಂಪನ್ನು ತೆಗೆದುಹಾಕಿ, ಮೇಷ್ಟ್ರೇ. ಮಂದಿಗೆ ಅವರವರ ಕೆಲಸವಿರುತ್ತದೆ.

ತರಂಗಂಬಾಡಿಯ ನೆನಪು
ಗುಂಪು ಸೇರುವುದಿರಲಿ, ಯಾರೂ ತಿರುಗಿ ನೋಡದ ಮೊದಲ ದಿನವೊಂದು ಚರಿತ್ರೆಯಲ್ಲಿ ದಾಖಲಾಗಿದೆ. ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕ್ ಕಳುಹಿಸಿದ ಬಾರ್ತೊಲೊಮೆಯುಸ್ ಸೀಗನ್‌ಬಾಲ್ಗ್ ಮತ್ತು ಹೈನ್ರಿಖ್ ಪ್ಲುಟ್ಶೌ 1706ರ ಜುಲೈ 9ರಂದು ತಮಿಳುನಾಡಿನ ತರಂಗಂಬಾಡಿಯಲ್ಲಿ ಇಳಿದರು. ಸೀಗನ್‌ಬಾಲ್ಗ್ 1682ರಲ್ಲಿ ಹುಟ್ಟಿದವರು. ಇನ್ನೂ ಇಪ್ಪತ್ತಮೂರು, ಇಪ್ಪತ್ತನಾಲ್ಕರ ಗಡಿಯಲ್ಲಿದ್ದರು. ದೊರೆಯೇ ಕಳುಹಿಸಿದ್ದರೂ ಅಲ್ಲಿನ ಡೇನಿಷ್ ಗವರ್ನರ್ ಹಾಸಿಯುಸ್‌ಗೆ ಇವರು ಬಂದದ್ದು ಬೇಡವಾಗಿತ್ತು. ಅವರನ್ನು ಗಂಟೆಗಟ್ಟಲೆ ಊರ ಹೊರಗೆ ಬಿಸಿಲಿನಲ್ಲಿ ಕಾಯಿಸಿ, ಬಂದ ಮೇಲೆ ಗದರಿಸಿ, ಕೊನೆಗೆ ಪೇಟೆಯ ಬೀದಿಯಲ್ಲಿ ಹಾಗೆಯೇ ಬಿಟ್ಟು ಹೊರಟುಹೋದರು. ಕತ್ತಲಾಗುತ್ತಿದ್ದಾಗ ಯಾರೋ ಮರುಕಗೊಂಡು ಮನೆಗೆ ಕರೆದೊಯ್ಯುವವರೆಗೆ ಇಬ್ಬರೂ ದಿಕ್ಕು ತೋಚದೆ ಬೀದಿಯಲ್ಲಿ ನಿಂತಿದ್ದರು. ಎರಡು ವರ್ಷಗಳ ಮೇಲೆ ಸೀಗನ್‌ಬಾಲ್ಗ್ ಸೆರೆಮನೆಯನ್ನೂ ಕಂಡರು, ಅದೂ ಅದೇ ಗವರ್ನರನ ಕಾಲದಲ್ಲಿ.

ಅಂದರೆ ಊರಿನ ಜನರಿಗಿಂತ ಮೊದಲು ಬಾಗಿಲು ಹಾಕಿದವರು ಅವರ ಪೈಕಿಯ ಬಿಳಿಯರೇ. ತಮಿಳು ಅಕ್ಷರವನ್ನು ಅವರು ಕಲಿತದ್ದು ಆಮೇಲೆ, ತಿಣ್ಣೆಯ ಮೇಲೆ ಮಕ್ಕಳ ಜೊತೆ ಕುಳಿತು ಮರಳಿನಲ್ಲಿ ಬೆರಳಾಡಿಸುತ್ತ.

ಊಟಕ್ಕೇನು
ಮೇಷ್ಟ್ರು ಕೇಳಿದ ಮೂರನೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ: ಏನು ತಿಂದರು?

ಬಳ್ಳಾರಿ ಬಿಸಿಲು
ಹೆಬಿಕ್ ಅವರದ್ದನ್ನು ಬಿಡಿ, ಕೇರಿಯವರ ಮೊದಲ ಊಟದ ಕಥೆ ಚೆನ್ನಾಗಿದೆ. 1793ರ ಜೂನ್ 13ರಂದು ಇಂಗ್ಲೆಂಡ್ ಬಿಟ್ಟವರು ಐದು ತಿಂಗಳ ಮೇಲೆ, ನವೆಂಬರ್ 11ರಂದು ಬಂಗಾಳ ಮುಟ್ಟಿದರು. ಕಂಪನಿಯ ಪರವಾನಗಿ ಇರಲಿಲ್ಲ; ಹಾಗಾಗಿ ಡೇನಿಷ್ ಹಡಗಿನಲ್ಲಿ ಬಂದು, ಕಲ್ಕತ್ತೆಯ ಘಾಟಿಗೆ ಹೋಗುವ ಮೊದಲೇ ಇಳಿದು ಮೀನುಗಾರರ ದೋಣಿಯಲ್ಲಿ ಹೂಗ್ಲಿ ನದಿಯನ್ನು ಏರಬೇಕಾಯಿತು. ನೀರಿನ ಭರತಕ್ಕಾಗಿ ಕಾಯುತ್ತ ನದಿ ದಡದ ಸಂತೆಯೊಂದರ ಬಳಿ ನಿಂತರು. ಜೊತೆಯಲ್ಲಿದ್ದ ಜಾನ್ ಥಾಮಸ್ ಮೊದಲೇ ಬಂಗಾಳದಲ್ಲಿ ಇದ್ದು ಹೋಗಿದ್ದವರು; ಅವರು ಅಲ್ಲಿಯ ಜನರೊಡನೆ ಬಂಗಾಳಿಯಲ್ಲಿ ಮಾತಿಗೆ ಕುಳಿತರು. ಆ ಊರಿನವರೇ ಇವರಿಗೆ ಅನ್ನ ಮಾಡಿ, ಬಾಳೆಲೆಯ ಮೇಲೆ ಬಡಿಸಿದರು. ಚಮಚ, ಚಾಕು ಯಾವುದೂ ಇಲ್ಲ, ಐದು ಬೆರಳೇ ಗತಿ. ಕಳ್ಳದಾರಿಯಲ್ಲಿ ಬಂದವನಿಗೆ ಸಿಕ್ಕ ಮೊದಲ ಸತ್ಕಾರ ಅದು.

ತೆಂಕಣ ಗಾಳಿ
ನೋಡಿದಿರಾ? ಅಲ್ಲಿಯೂ ದೋಣಿಯವನೇ.

ಊಟಕ್ಕೇನು
ಬಾಳೆಲೆಯ ಮುಂದೆ ಮೊದಲ ಸಲ ಕುಳಿತವನು ಸಾರನ್ನು ಹೇಗೆ ಕಲಸಿದನೋ, ಅದೂ ಒಂದು ದೃಶ್ಯವೇ. ಮೊಣಕೈವರೆಗೆ ಇಳಿದಿರಬೇಕು.

ಪಂಚಾಂಗದ ಪುಟ
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಅಕ್ಟೋಬರ್ 30 ಎಂಬ ದಿನಾಂಕವನ್ನು ನೋಡಿದ ಮೇಲೆ ಕೈ ಸುಮ್ಮನಿರಲಿಲ್ಲ, ಲೆಕ್ಕ ಹಾಕಿದೆ. 1834ರ ನವೆಂಬರ್ 30ರಂದು ಅಮೆರಿಕದಲ್ಲಿ ಸಂಪೂರ್ಣ ಸೂರ್ಯಗ್ರಹಣ ಕಂಡಿತ್ತು, ಸೂರ್ಯಗ್ರಹಣವೆಂದರೆ ಅಮಾವಾಸ್ಯೆ. ಅಲ್ಲಿಂದ ಇಪ್ಪತ್ತೊಂಬತ್ತೂವರೆ ದಿನ ಹಿಂದಕ್ಕೆ ಬಂದರೆ ಹಿಂದಿನ ಅಮಾವಾಸ್ಯೆ ನವೆಂಬರ್ 1ಕ್ಕೆ ಬೀಳುತ್ತದೆ. ತುಲಾ ಸಂಕ್ರಮಣ ಕಳೆದ ಮೇಲೆ ಬರುವ ಅಮಾವಾಸ್ಯೆ ಅದು, ಅಂದರೆ ಆಶ್ವಯುಜ ಬಹುಳ ಅಮಾವಾಸ್ಯೆ: ದೀಪಾವಳಿ.

ಹಾಗಿದ್ದ ಮೇಲೆ ಅಕ್ಟೋಬರ್ 31ರ ನಸುಕಿಗೆ ನರಕ ಚತುರ್ದಶಿಯ ಎಣ್ಣೆಸ್ನಾನ, 30ರ ಸಂಜೆಗೆ ನೀರು ತುಂಬುವ ಹಬ್ಬ. ಮೇಷ್ಟ್ರೇ, ಮೂವರು ಜರ್ಮನರು ಮಂಗಳೂರಿಗೆ ಬಂದ ದಿನವೇ ಮನೆಮನೆಯಲ್ಲಿ ಬಚ್ಚಲ ಹಂಡೆಯನ್ನು ತಿಕ್ಕಿ ತೊಳೆದು, ಕೊರಳಿಗೆ ಬಳ್ಳಿ ಸುತ್ತಿ, ಬಾವಿಯಿಂದ ನೀರು ಸೇದಿ ತುಂಬುತ್ತಿದ್ದರು. ಹಳೆಯ ಗಣಿತದಲ್ಲಿ ತಿಥಿ ಕೆಲವು ಗಳಿಗೆ ಆಚೀಚೆಯಾಗಬಹುದು, ಆದರೆ ಹಬ್ಬದ ನಡುವೆ ಬಂದರೆಂಬುದು ಬದಲಾಗದು.

ನಾಟಕದ ಮೇಷ್ಟ್ರು
ಇದನ್ನು ಮೂರು ಸಲ ಓದಿದೆ. ನೀವು ಯಾರೋ ತಿಳಿಯದು, ನನ್ನ ಮೊದಲ ದೃಶ್ಯಕ್ಕೆ ಬೆಳಕು ಕೊಟ್ಟಿರಿ.

ತೆಂಕಣ ಗಾಳಿ
ಪಾಡ್ಯದ ಸಂಜೆಗೆ ನಮ್ಮಲ್ಲಿ ಗದ್ದೆಯಂಚಿಗೆ ದೀಪವಿಟ್ಟು ಬಲೀಂದ್ರನನ್ನು "ಕೂ" ಹಾಕಿ ಕರೆಯುತ್ತಾರೆ. ಹೊಸಬರು ಬಂದು ಮೂರೇ ದಿನಕ್ಕೆ ಕತ್ತಲಲ್ಲಿ ಊರಿನ ನಾಲ್ಕೂ ದಿಕ್ಕಿನಿಂದ ಆ ಕೂಗು ಕೇಳಿದಾಗ ಏನೆಂದುಕೊಂಡಿರಬೇಕು! ಕಂಪನಿಯ ವಿರುದ್ಧ ದಂಗೆಯೆದ್ದ ಕಲ್ಯಾಣಪ್ಪನ ಕಡೆಯವರು ಮಂಗಳೂರಿಗೆ ನುಗ್ಗಿದ್ದು ಇನ್ನೂ ಮೂರು ವರ್ಷ ಬಿಟ್ಟು, 1837ರಲ್ಲಿ; ಇಲ್ಲದಿದ್ದರೆ ದಂಗೆಯೇ ಎದ್ದಿತೆಂದು ಮಂಚದಡಿ ಸೇರುತ್ತಿದ್ದರೋ ಏನೋ.

ಸಮುದ್ರದಾಚೆ
ಕಿಟೆಲ್ ಹುಟ್ಟಿದ ವರ್ಷವೇ, 1832ರಲ್ಲಿ, ಹುಟ್ಟಿದ ಇನ್ನೊಬ್ಬರ ಮೊದಲ ದಿನವನ್ನು ಸೇರಿಸಲೇ? ಹಡ್ಸನ್ ಟೇಲರ್ 1853ರ ಸೆಪ್ಟೆಂಬರಿನಲ್ಲಿ ಲಿವರ್‌ಪೂಲ್ ಬಿಟ್ಟು, ಐದೂವರೆ ತಿಂಗಳ ಮೇಲೆ, 1854ರ ಮಾರ್ಚ್ 1ರಂದು ಶಾಂಘೈ ಮುಟ್ಟಿದರು. ವಯಸ್ಸು ಇಪ್ಪತ್ತೊಂದು. ಕಿಸೆಯಲ್ಲಿ ಮೂರು ಪರಿಚಯಪತ್ರಗಳಿದ್ದವು. ವಿಚಾರಿಸಿದರೆ, ಒಬ್ಬರು ತೀರಿಹೋಗಿದ್ದರು, ಇನ್ನೊಬ್ಬರು ಅಮೆರಿಕಕ್ಕೆ ಮರಳಿದ್ದರು, ಮೂರನೆಯವರಾದ ಮೆಡ್‌ಹರ್ಸ್ಟ್ ಮನೆ ಬಿಟ್ಟು ಬೇರೆಡೆಗೆ ಹೋಗಿದ್ದರು. ಊರಿನ ಒಳಭಾಗ ಬಂಡುಕೋರರ ವಶದಲ್ಲಿತ್ತು, ಹೊರಗೆ ಚಕ್ರವರ್ತಿಯ ಸೇನೆ ಮುತ್ತಿಗೆ ಹಾಕಿತ್ತು. ಕೊನೆಗೆ ಲಾಕ್‌ಹಾರ್ಟ್ ಎಂಬ ವೈದ್ಯ ಮಿಷನರಿ ತಮ್ಮ ಮನೆಯಲ್ಲಿ ಕೋಣೆ ಕೊಟ್ಟರು.

ಪತ್ರ ಬರೆದು ಉತ್ತರ ಬರಲು ವರ್ಷ ಹಿಡಿಯುತ್ತಿದ್ದ ಕಾಲದಲ್ಲಿ ಪರಿಚಯಪತ್ರವೆಂದರೆ ಹಳೆಯ ನಕ್ಷತ್ರದ ಬೆಳಕಿದ್ದಂತೆ. ಇಲ್ಲಿ ಕಾಣುತ್ತಿರುತ್ತದೆ, ಅಲ್ಲಿ ನಂದಿರುತ್ತದೆ.

ದೂರದ ಮನೆ
ನಾನು ಇರುವುದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ. ಇಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ಹುಡುಗರೂ ಹುಡುಗಿಯರೂ ಹದಿನೆಂಟು ತುಂಬಿದ ಕೂಡಲೇ ಮಿಷನರಿಗಳಾಗಿ ಹೊರದೇಶಗಳಿಗೆ ಹೊರಡುತ್ತಾರೆ. ಹುಡುಗರ ವಯಸ್ಸನ್ನು ಹದಿನೆಂಟಕ್ಕೆ, ಹುಡುಗಿಯರದ್ದನ್ನು ಹತ್ತೊಂಬತ್ತಕ್ಕೆ ಇಳಿಸಿದ್ದು 2012ರಲ್ಲಿ; ಹುಡುಗಿಯರದ್ದೂ ಹದಿನೆಂಟಾದದ್ದು 2025ರಲ್ಲಿ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ. ಮೊದಲೆಲ್ಲ ವರ್ಷಕ್ಕೆ ಎರಡು ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ ಮಾತ್ರ, ಮನೆಗೆ ಫೋನು ಮಾಡಬಹುದಿತ್ತು. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾಡಬಹುದು.

ನಮ್ಮ ಪಕ್ಕದ ಮನೆಯ ಹುಡುಗ ದಕ್ಷಿಣ ಅಮೆರಿಕಕ್ಕೆ ಹೋದಾಗ ಅವನ ತಾಯಿ ಹೇಳಿದ ಮಾತು ನೆನಪಿದೆ: ಮೊದಲ ವಾರದ ಕರೆಯಲ್ಲಿ ಅವನು ದೇವರ ಬಗ್ಗೆ ಏನೂ ಹೇಳಲಿಲ್ಲವಂತೆ, ಸ್ನಾನದ ಮನೆಯಲ್ಲಿ ಬಿಸಿನೀರು ಬರುವುದಿಲ್ಲ ಎಂದಷ್ಟೇ ಹೇಳಿದನಂತೆ.

ಪಂಚಾಂಗದ ಪುಟ
ಅವನನ್ನು ನೀರು ತುಂಬುವ ಹಬ್ಬಕ್ಕೆ ಕಳುಹಿಸಬೇಕಾಗಿತ್ತು.

ಹೊಸನಗರದವ
ಬಿಳಿಯರು ಇತ್ತ ಬಂದದ್ದನ್ನೇ ಹೇಳುತ್ತಿದ್ದೀರಿ. ಇಲ್ಲಿಂದ ಅತ್ತ ಹೋದ ವಿವೇಕಾನಂದರೂ ಇದ್ದಾರೆ. 1893ರ ಮೇ 31ರಂದು ಮುಂಬಯಿ ಬಿಟ್ಟು, ಜುಲೈ ಕೊನೆಗೆ ಷಿಕಾಗೊ ಸೇರಿದರೆ, ಸರ್ವಧರ್ಮ ಸಮ್ಮೇಳನ ಸೆಪ್ಟೆಂಬರ್ 11ಕ್ಕೆ ಎಂದು ತಿಳಿಯಿತು. ಪ್ರತಿನಿಧಿಯೆಂದು ಸೇರಲು ಅಧಿಕೃತ ಪತ್ರ ಬೇಕೆಂದೂ ತಿಳಿಯಿತು. ಕೈಯಲ್ಲಿದ್ದ ಹಣ ನೀರಿನಂತೆ ಹರಿಯುತ್ತಿತ್ತು. ಖರ್ಚು ಕಡಿಮೆಯೆಂದು ಬಾಸ್ಟನ್ ಕಡೆಗೆ ಹೊರಟರು. ಆಗ ಅವರಿಗೆ ಮೂವತ್ತು ವರ್ಷ.

ಖರೇ ಮಾತು
ಅವರನ್ನು ಮಿಷನರಿಗಳ ಸಾಲಿನಲ್ಲಿ ಕೂರಿಸುವುದು ಸರಿಯಲ್ಲ. ಅವರು ಯಾರನ್ನೂ ಮತಾಂತರಿಸಲು ಹೋದವರಲ್ಲ.

ಹೊಸನಗರದವ
ನಾನು ಉದ್ದೇಶವನ್ನು ಹೋಲಿಸುತ್ತಿಲ್ಲ, ಆ ದಿನದ ಸ್ಥಿತಿಯನ್ನು ಹೋಲಿಸುತ್ತಿದ್ದೇನೆ. ಪತ್ರವಿಲ್ಲ, ಪರಿಚಯವಿಲ್ಲ, ಚಳಿಗೆ ತಕ್ಕ ಬಟ್ಟೆಯಿಲ್ಲ. ದಾರಿಯಲ್ಲಿ ಸಿಕ್ಕ ಅಪರಿಚಿತರ ಔದಾರ್ಯದಿಂದ ಮುಂದಿನ ಬಾಗಿಲು ತೆರೆಯಿತು. ಷಿಕಾಗೊ ಇರಲಿ, ತರಂಗಂಬಾಡಿ ಇರಲಿ, ಶಾಂಘೈ ಇರಲಿ, ಇದು ಒಂದೇ.

ಮುಡಿಪಿನ ಗುಡ್ಡ
ಹಾಗಾದರೆ ಜೋಸೆಫ್ ವಾಜ್ ಅವರನ್ನು ಬಿಡುವಂತಿಲ್ಲ. ಅವರು ನಮ್ಮ ನೆಲದಲ್ಲಿಯೇ ನಡೆದಾಡಿದವರು. 1651ರಲ್ಲಿ ಗೋವೆಯಲ್ಲಿ ಹುಟ್ಟಿ, 1681ರಿಂದ ಮೂರು ವರ್ಷ ಕೆನರಾದಲ್ಲಿ, ಗಂಗೊಳ್ಳಿ, ಬಸ್ರೂರು, ಮಂಗಳೂರುಗಳ ಕಡೆ ಸೇವೆ ಮಾಡಿದರು. ಅವರ ನೆನಪಿನ ಯಾತ್ರಾಸ್ಥಳ ಮುಡಿಪಿನಲ್ಲಿದೆ. 1687ರಲ್ಲಿ ಅವರು ಶ್ರೀಲಂಕೆಗೆ ಹೋದರು. ಅಲ್ಲಿ ಡಚ್ಚರ ಆಳ್ವಿಕೆ, ಕ್ಯಾಥೊಲಿಕ್ ಪಾದ್ರಿಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಕೂಲಿಯಾಳಿನ ವೇಷದಲ್ಲಿ ಬರಿಗಾಲಿನಲ್ಲಿ ಇಳಿದರು. ಕಡಲಯಾನದಲ್ಲಿ ಬಸವಳಿದು, ಆಮಶಂಕೆ ಹಿಡಿದು ಯಾಫ್ನಾದ ದಾರಿಬದಿಯಲ್ಲಿ ಬಿದ್ದಿದ್ದಾಗ ಹೆಂಗಸೊಬ್ಬಳು ಗಂಜಿ ತಂದು ಕೊಟ್ಟು ಉಳಿಸಿದಳು ಎಂದು ಅವರ ಚರಿತ್ರೆ ಹೇಳುತ್ತದೆ. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಆ ಮಾಲೆಯನ್ನು ಕಂಡು ಯಾರ ಕಣ್ಣು ಮಿನುಗುತ್ತದೆಂದು ನೋಡಿ, ತನ್ನವರು ಯಾರೆಂದು ಗುರುತಿಸುವ ಉಪಾಯ ಅದು. 2015ರಲ್ಲಿ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಕಪ್ಪು ಕೋಟು, ಕೈಯಲ್ಲಿ ಬೈಬಲ್ ಎಂಬ ಚಿತ್ರಕ್ಕಿಂತ ಈ ಬರಿಗಾಲಿನ ಚಿತ್ರ ನನಗೆ ಹತ್ತಿರದ್ದು.

ಊಟಕ್ಕೇನು
ಬಂಗಾಳದಲ್ಲಿ ಅನ್ನ, ಯಾಫ್ನಾದಲ್ಲಿ ಗಂಜಿ. ನನ್ನ ಪ್ರಶ್ನೆಗೆ ಎರಡು ಉತ್ತರ ಸಿಕ್ಕವು, ಎರಡನ್ನೂ ಕೊಟ್ಟವರ ಹೆಸರು ಸಿಗಲಿಲ್ಲ.

ಬಜ್ಪೆಯಿಂದ ದೂರ
ನಾನು ಧರ್ಮಭಗಿನಿ. ಹಳೆಯ ಕಾಲದವರ ನಡುವೆ ನನ್ನದೊಂದು ಸಣ್ಣ ದಿನವನ್ನು ಸೇರಿಸುತ್ತೇನೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ತಾಂಜಾನಿಯಕ್ಕೆ ಹೋದೆ. ದಾರ್ ಎಸ್ ಸಲಾಮಿನಲ್ಲಿ ಇಳಿದಾಗ ನನ್ನ ಪೆಟ್ಟಿಗೆ ಬಂದಿರಲಿಲ್ಲ, ಕರೆದೊಯ್ಯಬೇಕಾದವರೂ ಬಂದಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಮಾವಿನ ಉಪ್ಪಿನಕಾಯಿಯೂ ಆ ಪೆಟ್ಟಿಗೆಯಲ್ಲಿಯೇ ಇತ್ತು. ನಿಜ ಹೇಳಬೇಕೆಂದರೆ, ಪ್ರಾರ್ಥನೆಯ ಪುಸ್ತಕಕ್ಕಿಂತ ಅದರ ಚಿಂತೆಯೇ ಹೆಚ್ಚಾಗಿತ್ತು. ನಾಲ್ಕು ಗಂಟೆ ಬೆಂಚಿನ ಮೇಲೆ ಕುಳಿತಿದ್ದೆ. ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಬಂದು ನನ್ನ ಮುಖ ನೋಡಿ, ತಲೆದೂಗಿ, "ಪೋಲೆ, ಪೋಲೆ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಕನ್ಯಾಮಠದಿಂದ ಈಗಷ್ಟೇ ಹೊರಟು ಬಂದವಳನ್ನು ಪೋಲಿ ಎನ್ನುತ್ತಾಳಲ್ಲ!

ಸಂಜೆಗೆ ಮಠದ ಹಿರಿಯ ಸಹೋದರಿಯೊಬ್ಬರು ಬಂದಾಗ ಮೊದಲು ಆ ದೂರನ್ನೇ ಹೇಳಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಸ್ವಾಹಿಲಿಯಲ್ಲಿ "ಪೋಲೆ" ಎಂದರೆ "ಅಯ್ಯೋ, ಕಷ್ಟವಾಯಿತಲ್ಲ" ಎಂಬ ಅನುಕಂಪದ ಮಾತು. ಪ್ರಯಾಣ ಮಾಡಿ ಬಂದವರಿಗೆ "ಪೋಲೆ ನಾ ಸಫಾರಿ" ಎಂದು ಹೇಳುವುದು ಅಲ್ಲಿಯ ರೂಢಿ. ಆ ದೇಶದಲ್ಲಿ ನನಗೆ ಸಿಕ್ಕ ಮೊದಲ ಸ್ವಾಗತವನ್ನು ಬೈಗುಳವೆಂದು ತಿಳಿದು ನಾಲ್ಕು ಗಂಟೆ ಮುಖ ಊದಿಸಿಕೊಂಡು ಕುಳಿತಿದ್ದೆ. ಮರುದಿನ ಹುಡುಕಿದರೆ ಆಕೆ ಸಿಗಲಿಲ್ಲ. ಆಮೇಲೆ ಗಾಡಿಗೆ "ಗಾರಿ", ಲಕ್ಷಕ್ಕೆ "ಲಾಕಿ", ಚಪಾತಿಗೆ ಚಪಾತಿಯೇ ಎಂದು ತಿಳಿದಾಗ ಜೀವ ಸ್ವಲ್ಪ ತಣ್ಣಗಾಯಿತು. ಪೆಟ್ಟಿಗೆ ಒಂಬತ್ತನೆಯ ದಿನ ಬಂತು, ಉಪ್ಪಿನಕಾಯಿ ಒಡೆದು ಬಟ್ಟೆಗೆಲ್ಲ ಹರಡಿತ್ತು.

ಬಲ್ಮಠದವಳು
ಸಿಸ್ಟರ್, ನಿಮ್ಮ ಕಥೆಯ ಮುಂದೆ ನಾನು ಬರೆದ ಇಸವಿಗಳೆಲ್ಲ ಸಪ್ಪೆಯಾದವು. ಮೇಷ್ಟ್ರೇ, 1834ರ ದೋಣಿಯವನು ಆಡಿದ ಯಾವುದೋ ಒಳ್ಳೆಯ ಮಾತನ್ನು ಹೆಬಿಕ್ ಕೂಡ ಹೀಗೆಯೇ ತಪ್ಪಾಗಿ ತಿಳಿದಿರಬಹುದಲ್ಲವೆ?

ನಾಟಕದ ಮೇಷ್ಟ್ರು
ಎಲ್ಲವನ್ನೂ ಓದಿ ದೃಶ್ಯವನ್ನು ಹೊಸದಾಗಿ ಬರೆದಿದ್ದೇನೆ. ಸಂಜೆಯ ಹೊತ್ತು. ದೋಣಿಯಲ್ಲಿ ಮೂವರು ಪರದೇಶಿಗಳು, ಅವರ ನಡುವೆ ಮರದ ಪೆಟ್ಟಿಗೆ, ಹುಟ್ಟು ಹಾಕುತ್ತಿರುವ ಒಬ್ಬ ಮುದುಕ ಮತ್ತು ಅವನ ಮೊಮ್ಮಗ. ದೂರದ ಮನೆಗಳಿಂದ ಬಾವಿಯ ರಾಟೆಯ ಸದ್ದು ಕೇಳುತ್ತದೆ. ಮೂವರೂ ಜರ್ಮನ್‌ನಲ್ಲಿ ಏನೋ ಪ್ರಾರ್ಥಿಸುತ್ತಾರೆ, ಅದರ ಅರ್ಥವನ್ನು ಪ್ರೇಕ್ಷಕರಿಗೆ ತಿಳಿಸುವುದಿಲ್ಲ. ಮೊಮ್ಮಗನಿಗೆ ಹಬ್ಬದ ಸ್ನಾನಕ್ಕೆ ಬೇಗ ಮನೆ ಸೇರುವ ಅವಸರ. ಭಾಷಣವಿಲ್ಲ, ಗುಂಪಿಲ್ಲ. ಪ್ರಶ್ನೆ ಕೇಳಿದ ಆ ಹಿಂದಿನ ಬೆಂಚಿನ ಹುಡುಗನೇ ಮುದುಕನ ಪಾತ್ರವನ್ನು ಕೇಳಿ ಪಡೆದಿದ್ದಾನೆ. ಉಳಿದದ್ದು ಒಂದೇ: ದಡ ಮುಟ್ಟಿದಾಗ ಮುದುಕ ಆಡುವ ಮಾತು. "ಬನ್ನಿ, ನಿಮಗೆ ಸ್ವಾಗತ" ಎಂದು ಬರೆದಿದ್ದೆ, ಅದು ಸಭೆಯ ಮಾತಿನಂತಾಯಿತೆಂದು ಹೊಡೆದುಹಾಕಿದೆ.

ತೆಂಕಣ ಗಾಳಿ
ದೋಣಿಯವನು ಸ್ವಾಗತ ಭಾಷಣ ಮಾಡುವುದಿಲ್ಲ. ದೋಣಿ ಅಲ್ಲಾಡುತ್ತಿರುತ್ತದೆ, ಬೂಟು ಹಾಕಿದವನು ಎದ್ದು ನಿಂತಿರುತ್ತಾನೆ, ಬಿದ್ದರೆ ಪೆಟ್ಟಿಗೆಯೂ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಇವತ್ತಿಗೂ ನಮ್ಮವರು ಕೈ ಚಾಚಿ ಹೇಳುವುದು ಇಷ್ಟೇ: "ಮೆಲ್ಲ ಜಪ್ಪುಲೆ, ನೀರ್ ಉಂಡು." ಅದನ್ನು ತುಳುವಿನಲ್ಲಿಯೇ ಬಿಡಿ, ಕನ್ನಡ ಮಾಡಬೇಡಿ. ಘಟ್ಟದ ಮೇಲಿನ ಪ್ರೇಕ್ಷಕರಿಗೆ ಅರ್ಥವಾಗದಿದ್ದರೆ ಆಗದಿರಲಿ. ದೋಣಿಯಲ್ಲಿದ್ದ ಮೂವರಿಗೂ ಅರ್ಥವಾಗಿರಲಿಲ್ಲ.

ನಾಟಕದ ಮೇಷ್ಟ್ರು
ಹಾಗೆಯೇ ಬರೆದುಕೊಂಡೆ. ಹುಡುಗನ ಮನೆಮಾತು ತುಳು. ನಾಳೆಯ ತಾಲೀಮಿನಲ್ಲಿ ಅವನೇ ಉಚ್ಚಾರ ತಿದ್ದುತ್ತಾನಂತೆ, ನನ್ನದನ್ನು.